ಕೆಂಚಿ ಮೈ ನೆಕ್ಕಿಕೊಂಡ ಮಳೆಗಾಲ

ಜಾವಳಿ ಕಡೆಯ ದೇವರಾಜ ಮೇಸ್ತ್ರಿಯ ಮಾತು ಎತ್ತಬೇಕಾದರೆ ಅವನ ಮುತ್ತಜ್ಜ ಲಕ್ಕಯ್ಯನಿಂದಲೇ ಶುರು ಮಾಡಬೇಕು. ರಸ್ತೆಯೆಲ್ಲ ಇನ್ನೂ ಕಾಲುದಾರಿಯಾಗಿದ್ದ ಕಾಲ. ಲಕ್ಕಯ್ಯ ಕಾಫಿ ಮೂಟೆ ಹೇರಿದ ಎತ್ತುಗಳನ್ನು ಹೊಡೆದುಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಿದ್ದ. ಒಮ್ಮೆ ನಡುದಾರಿಯಲ್ಲಿ ಹಳ್ಳ ಉಕ್ಕಿ ಬಂದಾಗ ಮುಂದಿನ ಎತ್ತಿನ ಕೊಂಬಿಗೆ ಕೈ ಹಾಕಿ, ಎದೆಮಟ್ಟದ ಕೆಂಪು ನೀರಿನಲ್ಲಿ ನಿಂತು, ಒಂದು ಎತ್ತೂ ಕೊಚ್ಚಿ ಹೋಗದ ಹಾಗೆ ಎಲ್ಲವನ್ನೂ ದಾಟಿಸಿದವನು ಅವನು. ದಾಟಿಸಿ ದಡದಲ್ಲಿ ಕೂತು, ಎಲೆಯಡಿಕೆ ಜಗಿಯುತ್ತ, "ಇನ್ನೇನಾದ್ರೂ ಉಂಟಾ?" ಎಂದು ಹಳ್ಳವನ್ನೇ ಕೇಳಿದನಂತೆ.

ಅವನ ಸೊಸೆ ನಿಂಗಮ್ಮ. ಮಳೆಗಾಲದಲ್ಲಿ ತೋಟಕ್ಕಿಳಿದವರ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಮದ್ದು ಅರೆದವಳು. ಬೇವಿನೆಣ್ಣೆ, ಹೊಗೆಸೊಪ್ಪು, ಸುಣ್ಣ, ಜೊತೆಗೆ ಯಾರಿಗೂ ಹೇಳದ ಒಂದು ಕಾಡುಸೊಪ್ಪು. ಅದನ್ನು ಮಂಡಿಯವರೆಗೆ ಬಳಿದುಕೊಂಡು ಹೋದರೆ ಉಂಬಳ ಕಾಲಿನ ಹತ್ತಿರ ಬಂದು, ಮೂತಿ ಎತ್ತಿ, ಬಂದ ದಾರಿಗೆ ಸುಂಕವಿಲ್ಲದೆ ಹಿಂದಕ್ಕೆ ತಿರುಗುತ್ತಿತ್ತು. ಕಳಸದ ಕಡೆಯಿಂದಲೂ ಜನ ತೆಂಗಿನ ಚಿಪ್ಪು ಹಿಡಿದು ಅವಳ ಜಗಲಿಗೆ ಬರುತ್ತಿದ್ದರು. ಅವಳ ಮಗ ಬೈರಯ್ಯ ಮರಗಸಿಯಲ್ಲಿ, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವ ಕೆಲಸದಲ್ಲಿ, ಹೆಸರು ಮಾಡಿದವನು. ಅವನು ಸವರಿ ಇಳಿದ ಮರದ ಕೆಳಗೆ ಬಿಸಿಲು ಜರಡಿ ಹಿಡಿದ ಹಿಟ್ಟಿನ ಹಾಗೆ ಉದುರುತ್ತಿತ್ತು ಎಂದು ನೆನೆಯುವವರು ಇವತ್ತಿಗೂ ಇದ್ದಾರೆ.

ಬೈರಯ್ಯನ ಮಗ ದೇವರಾಜ. ಅವನ ಕಾಲಕ್ಕೆ ಉಕ್ಕುವ ಹಳ್ಳಗಳಿಗೆಲ್ಲ ಸೇತುವೆ ಬಂದಿತ್ತು. ಮರ ಸವರಲು ಯಂತ್ರ ಬಂದಿತ್ತು. ಅಜ್ಜಿಯ ಮದ್ದೊಂದು ಉಳಿದಿತ್ತು. ಪರಮೇಶ್ವರಪ್ಪನವರ ಎಸ್ಟೇಟಿನಲ್ಲಿ ಆಳುಗಳನ್ನು ನಡೆಸುವ ಮೇಸ್ತ್ರಿಯಾದ ಅವನು ಮಳೆ ಕಾಲಿಟ್ಟ ವಾರವೇ ಅದನ್ನು ಅರೆದು ಡಬ್ಬಿಗೆ ತುಂಬುತ್ತಿದ್ದ. ಇನ್ನು ಸಾಹಸ ಅಂತ ಅವನ ಪಾಲಿಗೆ ಬಂದದ್ದು ಒಂದು ಬೆಕ್ಕು.

ಆ ಬೆಕ್ಕು ಸಿಕ್ಕಿದ್ದು ಕಾಫಿ ಒಣಗಿಸುವ ಕಣದಲ್ಲಿ, ಕಾಫಿ ಬೀಜ ತುಂಬುವ ಖಾಲಿ ಚೀಲಗಳ ರಾಶಿಯ ನಡುವೆ. ಕಣ್ಣು ಆಗಷ್ಟೇ ಬಿಟ್ಟ ಮರಿ. ಒಣಗಿದ ಹಣ್ಣಿನ ಸಿಪ್ಪೆಯ ಬಣ್ಣ. ತಾಯಿ ಬೆಕ್ಕು ಎಲ್ಲಿಗೆ ಹೋಯಿತೋ, ಬರಲೇ ಇಲ್ಲ. ಜೋರು ಬಾಯಿಯ ಮೇಸ್ತ್ರಿ, ಆಚೆ ಗುಡ್ಡದ ಆಳನ್ನು ಈಚೆ ಗುಡ್ಡದಿಂದ ಗದರುವ ಮೇಸ್ತ್ರಿ, ಅದನ್ನು ಅಂಗಿಯ ಜೇಬಿನೊಳಗೆ ಇಳಿಬಿಟ್ಟುಕೊಂಡು ಮನೆಗೆ ತಂದ. ಹೆಂಡತಿ ಪ್ರೇಮಲತಾ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ನೋಡಿ, "ಸಂತೆಯಿಂದ ತರಕಾರಿ ತನ್ನಿ ಅಂದ್ರೆ ಮರೀತೀರಿ. ಇದನ್ನ ತರೋಕೆ ನೆನಪಿತ್ತಾ?" ಎಂದಳು. ಅಂದರೂ ಅವಳೇ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಕುಡಿಸಿದಳು. ಕೆಂಚಿ ಎಂದು ಕರೆದದ್ದೂ ಅವಳೇ.

ಕೆಂಚಿ ದೊಡ್ಡದಾದ ಮೇಲೆ ತನ್ನದೇ ಒಂದು ಪದ್ಧತಿ ಮಾಡಿಕೊಂಡಿತು. ಎಸ್ಟೇಟಿನ ಗೇಟಿನಿಂದ ಮೇಸ್ತ್ರಿಯ ಮನೆಗೆ ಬರುವ ದಾರಿ ಮೊದಲು ಹಳ್ಳಕ್ಕೆ ಇಳಿದು, ಸಣ್ಣ ಸೇತುವೆ ದಾಟಿ, ಏರು ಹತ್ತಿ ಒಂದು ತಿರುವಿನಲ್ಲಿ ಹೊರಳುತ್ತದೆ. ಅಲ್ಲಿ ಒಂದು ಮೋರಿಕಟ್ಟೆ. ಸಂಜೆ ಕೆಲಸ ಬಿಡುವ ಹೊತ್ತಿಗೆ ಕೆಂಚಿ ಆ ಕಟ್ಟೆಯ ಮೇಲೆ ಬಂದು ಕೂತಿರುತ್ತಿತ್ತು. ಮಂಜಿನೊಳಗಿಂದ ಮೇಸ್ತ್ರಿಯ ಕೆಮ್ಮು ಕೇಳಿದ ಕೂಡಲೇ ಬಾಲ ನೆಟ್ಟಗೆ ಮಾಡಿ ಇಳಿದು ಬಂದು, ಅವನ ಕಾಲಿಗೆ ಮೈ ಒತ್ತಿ ಒತ್ತಿ ಸುತ್ತು ಹಾಕುತ್ತಿತ್ತು. ಆಮೇಲೆ ತಾನೇ ಮನೆ ತೋರಿಸುವವಳ ಹಾಗೆ ಮುಂದೆ ಮುಂದೆ ನಡೆಯುತ್ತಿತ್ತು. ಮೇಸ್ತ್ರಿಗೆ ಇಡೀ ದಿನದಲ್ಲಿ ಯಾರನ್ನೂ ಗದರದೆ ನಡೆಯುವ ದಾರಿ ಅದೊಂದೇ.

ಈ ಸಲದ ಮಳೆಗಾಲ ಹಿಡಿದ ಮೇಲೆ ಕೆಂಚಿ ನೆಕ್ಕಿಕೊಳ್ಳಲು ಶುರು ಮಾಡಿತು.

ಬೆಕ್ಕು ಮೈ ನೆಕ್ಕಿಕೊಳ್ಳುವುದು ಹೊಸತೇನಲ್ಲ. ಆದರೆ ಇದು ಬೇರೆ. ಒಲೆಯ ಪಕ್ಕ ಕೂತು ಎಡಮಗ್ಗುಲನ್ನು ನೆಕ್ಕುತ್ತ ಹೋದರೆ ಕರೆದರೂ ಕಿವಿ ಅಲ್ಲಾಡಿಸದು. ಮೀನಿನ ತಲೆ ಹಾಕಿದರೂ ಏಳದು. ಸರ್ರ್ ಸರ್ರ್ ಎಂಬ ಆ ಸದ್ದು, ಯಾರೋ ದೂರದಲ್ಲಿ ಕೂತು ಮರಕ್ಕೆ ಉಜ್ಜುಗೊರಡು ಹಾಕುತ್ತಿರುವ ಹಾಗೆ, ಮನೆ ತುಂಬ ಓಡಾಡುತ್ತಿತ್ತು. ಮೇಸ್ತ್ರಿಗೆ ಮೊದಮೊದಲು ಆ ಸದ್ದಿನಲ್ಲಿ ನಿದ್ದೆ ಸೊಗಸಾಗಿ ಬರುತ್ತಿತ್ತು. ಆಮೇಲೊಂದು ದಿನ ಕೆಂಚಿ ಅಡ್ಡ ಮಲಗಿದಾಗ ಮಗ್ಗುಲಿನಿಂದ ಹೊಟ್ಟೆಯವರೆಗೆ ಅಂಗೈಯಗಲ ಬೋಳಾಗಿರುವುದು ಕಂಡಿತು. ಗುಲಾಬಿ ಬಣ್ಣದ ಚರ್ಮ. ಸುಟ್ಟ ಹಪ್ಪಳದ ಮೇಲಿನ ಗುಳ್ಳೆಯ ಹಾಗೆ ತೆಳ್ಳಗೆ.

ಪ್ರೇಮಲತಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ರೀ, ಇದು ಹುಳುಕಡ್ಡಿ."

"ಎಂತ ಹುಳುಕಡ್ಡಿ? ಹಲ್ಲಿ ಬಿದ್ದಿರಬೇಕು ಮೈಮೇಲೆ."

"ಹಲ್ಲಿಯೂ ಇಲ್ಲ, ಹಾವೂ ಇಲ್ಲ. ಅಂಟುವ ರೋಗ. ಗೌರಿಹಬ್ಬಕ್ಕೆ ರಂಜಿತಾ ಬರ್ತಾಳೆ, ನೆನಪುಂಟಲ್ಲ? ಬಂದವಳು ಹೆರಿಗೆ ಮುಗಿಸಿಯೇ ಹೋಗೋದು. ಹಸುಗೂಸು ಇರೋ ಮನೆಯಲ್ಲಿ ಬೋಳು ಬೆಕ್ಕು ಇಟ್ಕೊಂಡ್ರೆ ಬೀಗರು ನನ್ನ ಮುಖ ನೋಡಿ ಏನಂತಾರೆ?"

"ಮುಖ ನೋಡಿ ಬೆಕ್ಕಿನ ಮಾತು ಯಾಕೆ ಆಡ್ತಾರೆ ಮಾರಾಯ್ತಿ?"

"ತಮಾಷೆ ಸಾಕು. ಹಬ್ಬದೊಳಗೆ ಮೈ ಸರಿಯಾದ್ರೆ ಇರಲಿ. ಇಲ್ಲದಿದ್ರೆ ಎಸ್ಟೇಟಿನ ಗೋಡೌನಿಗೆ ಬಿಟ್ಟು ಬನ್ನಿ. ಇಲಿ ಹಿಡ್ಕೊಂಡು ಬದುಕಲಿ. ನಾನೇನು ಸಾಯಿಸಿ ಅಂತ ಹೇಳಲಿಲ್ಲ."

ಅವಳು ಹಾಗೆ ಹೇಳಿದ್ದು ಕೋಪದಿಂದಲ್ಲ ಎಂಬುದೇ ಮೇಸ್ತ್ರಿಗೆ ಕಷ್ಟವಾಯಿತು. ಮದುವೆಯಾಗಿ ಎಷ್ಟೋ ವರ್ಷ ಹಂಬಲಿಸಿದ ಮಗಳಿಗೆ ಈಗ ಮಡಿಲು ತುಂಬಿದೆ. ತವರಿನ ಒಂದು ಧೂಳೂ ಅವಳಿಗೆ ತಾಗಬಾರದು. ಅವನಿಗೂ ಅದೇ ಆಸೆ. ಆದರೆ ಗೋಡೌನಿನ ಕತ್ತಲೆಯಲ್ಲಿ ಕೆಂಚಿ ಕೂತಿರುವುದನ್ನು ಯೋಚಿಸಿ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಮನೆಯಲ್ಲಿ ಮದ್ದಿರುವಾಗ ಇನ್ನೊಬ್ಬರ ಬಾಗಿಲಿಗೆ ಯಾಕೆ ಹೋಗಬೇಕು? ನಿಂಗಮ್ಮನ ಮೊಮ್ಮಗನಿಗೆ ಹೊಳೆದದ್ದು ಅದೇ. ಉಂಬಳವನ್ನೇ ಓಡಿಸುವ ಮದ್ದಿಗೆ ಕಣ್ಣಿಗೆ ಕಾಣದ ಹುಳ ಯಾವ ಲೆಕ್ಕ? ಡಬ್ಬಿಯಿಂದ ಒಂದಿಷ್ಟು ತೆಗೆದು ಕೆಂಚಿಯ ಬೋಳು ಮಗ್ಗುಲಿಗೆ ತೆಳ್ಳಗೆ ಸವರಿದ. ಕೆಂಚಿ ಒಂದು ಗಳಿಗೆ ಅವನ ಮುಖ ನೋಡಿತು. ಆಮೇಲೆ ನೆಕ್ಕಿತು. ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯಿತು. ಕಾಲು ಸಡಿಲವಾಗಿ, ಓಲಾಡುತ್ತ ಹೋಗಿ, ಸೌದೆಯ ಸಂದಿಯಲ್ಲಿ ಮೂತಿ ತೂರಿಸಿ ಕೂತಿತು.

ಮೇಸ್ತ್ರಿ ಹೆಂಡತಿಯನ್ನು ಕೂಗಿದ. ಪ್ರೇಮಲತಾ ಓಡಿ ಬಂದು ಬಿಸಿನೀರಿಗೆ ಸೋಪು ಕದಡಿ, ಕೆಂಚಿಯನ್ನು ಸೆರಗಲ್ಲಿ ಸುತ್ತಿ ಹಿಡಿದು ತೊಳೆದಳು. ಮೈತುಂಬ ಪರಚಿಸಿಕೊಂಡರೂ ಬಿಡಲಿಲ್ಲ. ತೊಳೆಯುತ್ತಲೇ ಬೈದಳು: "ಬುದ್ಧಿ ಎಲ್ಲಿ ಇಟ್ಟಿದ್ರಿ? ಈಗಲೇ ಜೀಪು ಹಿಡೀರಿ, ಮೂಡಿಗೆರೆಗೆ ಹೋಗಿ." ಮೇಸ್ತ್ರಿ ಕಾಫಿ ಕೊಯ್ಯುವ ಕುಕ್ಕೆಯಲ್ಲಿ ಹಳೇ ಪಂಚೆ ಹಾಸಿ, ಕೆಂಚಿಯನ್ನು ಕೂರಿಸಿ, ಕುಕ್ಕೆಯ ಬಾಯಿಗೆ ಬಟ್ಟೆ ಕಟ್ಟಿ, ಜೀಪಿನ ಹಿಂದಿನ ಸೀಟಿನಲ್ಲಿ ಮದುಮಗಳನ್ನು ಕರೆದೊಯ್ಯುವ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಹೋದ.

ದನದ ಆಸ್ಪತ್ರೆಯ ಡಾಕ್ಟ್ರು ರೂಪಶ್ರೀ, ಚಿಕ್ಕ ವಯಸ್ಸಿನ ಹೆಂಗಸು. ಎಮ್ಮೆಯೊಂದಕ್ಕೆ ಸೂಜಿ ಚುಚ್ಚಿ ಕೈ ತೊಳೆದು ಬಂದವರು ಕುಕ್ಕೆಯೊಳಗೆ ಇಣುಕಿ, ಮೊದಲು ಕೆಂಚಿಯ ಎದೆಬಡಿತ ಕೇಳಿದರು, ಕಣ್ಣು ನೋಡಿದರು. ಮೇಸ್ತ್ರಿ ನೆಲ ನೋಡುತ್ತ, ಹಚ್ಚಿದ ಮದ್ದು ಎಂಥದ್ದೆಂದು ಹೇಳಿದ.

"ಹೊಗೆಸೊಪ್ಪಾ? ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗ್ತದೆ ಮೇಸ್ತ್ರೀ. ಇದು ಅದಕ್ಕೆ ವಿಷ. ಬೇಗ ತೊಳೆದಿದ್ದೀರಿ, ಬದುಕಿತು."

"ನಮ್ಮಜ್ಜಿ ಮಾಡಿದ ಮದ್ದು, ಡಾಕ್ಟ್ರೇ. ಊರಿಗೆ ಊರೇ..."

"ಅಜ್ಜಿ ಅದನ್ನ ಮನುಷ್ಯರ ಕಾಲಿಗೆ ಮಾಡಿದ್ದಲ್ವಾ? ಅವ್ರು ಸರಿಯಾಗೇ ಮಾಡಿದಾರೆ."

ಆ ಮಾತಿಗೆ ಮೇಸ್ತ್ರಿಯ ತಲೆ ಸ್ವಲ್ಪ ಮೇಲೆದ್ದಿತು. ಡಾಕ್ಟ್ರು ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೆಂಚಿಯ ಬೆನ್ನು ಬಾಚಿ, ಬಿಳಿ ಕಾಗದದ ಮೇಲೆ ಕೊಡವಿ ನೋಡಿದರು; ಚಿಗಟವಿಲ್ಲ. ನೀಲಿ ಬೆಳಕಿನ ದೀಪ ಹಿಡಿದು ನೋಡಿದರು, ಒಂದೆರಡು ಕೂದಲು ಕಿತ್ತು ಗಾಜಿನ ಕೆಳಗಿಟ್ಟು ನೋಡಿದರು, ಹುಳುಕಡ್ಡಿಯೂ ಅಲ್ಲ. ಮೇಸ್ತ್ರಿಯ ಬೆರಳು ಹಿಡಿದು ಬೋಳು ಜಾಗದ ಅಂಚಿಗೆ ಒತ್ತಿದರು.

"ಚುಚ್ತದಾ? ಇದು ಬುಡಸಮೇತ ಉದುರಿದ ಕೂದಲಲ್ಲ. ನೆಕ್ಕಿ ನೆಕ್ಕಿ ತುಂಡಾಗಿರೋದು. ಎದ್ದಿರೋ ಹೊತ್ತಲ್ಲಿ ಮೈ ನೆಕ್ಕೋದು ಬೆಕ್ಕಿನ ಕಸುಬೇ. ಆದ್ರೆ ಊಟ, ಆಟ ಬಿಟ್ಟು ನೆಕ್ಕಿದ್ರೆ, ಒಂದೋ ಮೈಯಲ್ಲಿ ಏನೋ ಕಡೀತಾ ಇರ್ತದೆ, ಇಲ್ಲ ಮನಸ್ಸಲ್ಲಿ."

"ಬೆಕ್ಕಿಗೂ ಮನಸ್ಸಾ?"

"ನಿಮಗೆ ಚಿಂತೆ ಆದ್ರೆ ಏನ್ಮಾಡ್ತೀರಿ?"

"ಎಲೆಯಡಿಕೆ ಹಾಕ್ತೀನಿ."

"ಅದು ನೆಕ್ತದೆ."

ಮನೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳಿದರು. ಬದಲಾಗಿತ್ತು. ಬಾಣಂತಿಗೆಂದು ಹಿಂದಿನ ಕೋಣೆ ಖಾಲಿ ಮಾಡಿ, ಸುಣ್ಣ ಬಳಿದು, ಮಂಚ ಹಾಕಿದ್ದರು. ಕೆಂಚಿ ಮಲಗುತ್ತಿದ್ದ ಗೋಣಿಚೀಲದ ಅಟ್ಟಿ ಆ ಕೋಣೆಯಲ್ಲೇ ಇತ್ತು. ಅದನ್ನು ಎತ್ತಿ ಹೊರಗೆ ಹಾಕಿದ್ದರು. ನೆಕ್ಕಲು ಕೂತಾಗೆಲ್ಲ ಪ್ರೇಮಲತಾ ಸೌಟು ಬಡಿದು ಗದರುತ್ತಿದ್ದಳು.

"ಗದರಬೇಡಿ. ಗದರಿದಷ್ಟೂ ಜಾಸ್ತಿ ಆಗ್ತದೆ. ನೆಕ್ಕೋಕೆ ಕೂತ್ರೆ ಸುಮ್ಮನೆ ಆಟಕ್ಕೆ ಎಳೀರಿ. ಊಟ ಒಂದೇ ಹೊತ್ತಿಗೆ ಹಾಕಿ. ಎತ್ತರದಲ್ಲಿ ಅದಕ್ಕೇ ಅಂತ ಒಂದು ಜಾಗ ಮಾಡಿ. ಮಗಳಿಗೆ ಬೆಕ್ಕಿನ ಹೇಲು ಬಾಚೋ ಕೆಲಸ ಕೊಡಬೇಡಿ, ಬೇರೆ ಹೆದರಿಕೆ ಏನಿಲ್ಲ. ಮತ್ತೆ ಇನ್ನೊಂದು. ಯಾವಾಗ ನೆಕ್ತದೆ, ಅದಕ್ಕೆ ಮುಂಚೆ ಏನಾಯ್ತು, ನೋಡ್ತಾ ಇರಿ. ಅದು ಬಾಯಿ ಬಿಟ್ಟು ಹೇಳಲ್ಲ."

ಮೇಸ್ತ್ರಿ ಬಂದವನೇ ಹಿಂದಿನ ಜಗಲಿಯ ಗೋಡೆಗೆ, ಆಳೆತ್ತರದಲ್ಲಿ, ಒಂದು ಹಲಗೆ ಹೊಡೆದ. ಅದರ ಮೇಲೆ ಕೆಂಚಿಯ ಹಳೇ ಗೋಣಿಯನ್ನೇ, ಒಗೆಯದೆ, ಹಾಸಿದ. ಕಾಡುಕೋಳಿಯ ಗರಿಯೊಂದನ್ನು ದಾರಕ್ಕೆ ಕಟ್ಟಿ ಕೋಲಿನ ತುದಿಗೆ ಇಳಿಬಿಟ್ಟ. ನಲವತ್ತು ಆಳನ್ನು ಕುಣಿಸುವ ಮೇಸ್ತ್ರಿ ಮಂಡಿಯೂರಿ ಗರಿ ಕುಣಿಸುವುದನ್ನು ನೋಡಿ ಪ್ರೇಮಲತಾ ಬಾಗಿಲ ಹಿಂದೆ ನಿಂತು ನಕ್ಕಳು. ಗದರುವುದನ್ನು ಮಾತ್ರ ಬಿಟ್ಟಳು.

ಕೆಂಚಿ ಹಲಗೆ ಹತ್ತಿತು. ಗರಿಗೆ ಪಂಜ ಹೊಡೆಯಿತು. ಹಗಲು ಹೊತ್ತು ನೆಕ್ಕುವುದು ಕಡಿಮೆಯಾಯಿತು. ಆದರೆ ಸಂಜೆಯಾದರೆ ಮತ್ತೆ ಅದೇ ಸರ್ರ್ ಸರ್ರ್. ಬೋಳು ಜಾಗ ಮುಚ್ಚಲಿಲ್ಲ. ಮೇಸ್ತ್ರಿ ನೋಡುತ್ತಲೇ ಇದ್ದ. ಒಂದು ಭಾನುವಾರ ತೋಟಕ್ಕೆ ರಜೆ. ಇಡೀ ದಿನ ಜಗಲಿಯಲ್ಲಿ ಕೂತು ನೋಡಿದ. ಮಂಜು ಅಂಗಳಕ್ಕೆ ಬಂದು, ಕಾಫಿ ಗಿಡಗಳನ್ನು ಒಂದೊಂದಾಗಿ ಅಳಿಸಿ, ಮತ್ತೆ ಒಂದೊಂದಾಗಿ ಬರೆದು ಹೋಯಿತು. ಕೆಂಚಿ ಹಲಗೆಯ ಮೇಲೆ ಮಲಗಿ, ಕನಸಿನಲ್ಲಿ ಮೀಸೆ ಅದುರಿಸುತ್ತ, ಆ ಸಂಜೆಯೂ ನೆಕ್ಕಲಿಲ್ಲ. ಸೋಮವಾರ ಸಂಜೆ ಮತ್ತೆ ಶುರು. ಭಾನುವಾರ ಬೆಕ್ಕಿಗೂ ರಜೆಯೋ ಏನೋ ಎಂದು ಮೇಸ್ತ್ರಿ ತಲೆ ಕೆರೆದುಕೊಂಡ.

ಭೀಮನ ಅಮಾವಾಸ್ಯೆ ಬಂತು. ಹೆಂಡತಿ ಗಂಡನ ಪಾದಕ್ಕೆ ಪೂಜೆ ಮಾಡುವ ದಿನ. ಅಂದು ಮೇಸ್ತ್ರಿ ಮಧ್ಯಾಹ್ನಕ್ಕೇ ತೋಟದಿಂದ ಬಂದ. ಕೆಂಚಿಗೆ ಅದು ಹೇಗೆ ತಿಳಿಯಿತೋ, ಮೋರಿಕಟ್ಟೆಯ ಮೇಲೆ ಹಾಜರಿತ್ತು. ಎಂದಿನ ಹಾಗೆ ಕಾಲಿಗೆ ಮೈ ಒತ್ತಿ, ಸುತ್ತು ಹಾಕಿ, ಮುಂದೆ ನಡೆಯಿತು. ಪ್ರೇಮಲತಾ ಹಂಡೆ ತುಂಬ ನೀರು ಕಾಯಿಸಿಟ್ಟಿದ್ದಳು.

"ಆ ಉಂಬಳದ ಎಣ್ಣೆ ಕಾಲನ್ನ ನಾನು ಪೂಜೆ ಮಾಡೋದಿಲ್ಲ. ಸೀಗೆಕಾಯಿ ಹಾಕಿ ತಲೆಯಿಂದ ಪಾದದವರೆಗೆ ಉಜ್ಜಿ."

"ದೇವ್ರಿಗೆ ಆಜ್ಞೆ ಮಾಡ್ತೀಯಾ?"

"ಈ ದೇವ್ರು ನಾರ್ತದೆ."

ಮೇಸ್ತ್ರಿ ಚರ್ಮ ಕೆಂಪಾಗುವ ತನಕ ಉಜ್ಜಿ ಮಿಂದ. ಪೂಜೆಯಾಯಿತು, ಕಡುಬು ಊಟವಾಯಿತು. ಜಗಲಿಯ ಬೆಂಚಿನ ಮೇಲೆ ಅಡ್ಡಾದ. ಕೆಂಚಿ ಬಂದು ಎದೆಯ ಮೇಲೆ ಕೂತಿತು. ಅದರ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ಮೇಸ್ತ್ರಿಗೆ ಜೋಂಪು ಹತ್ತಿತು.

ಆ ಜೋಂಪಿನಲ್ಲಿ ನಿಂಗಮ್ಮ ಬಂದಳು. ಸತ್ತು ಯಾವ ಕಾಲವಾಯಿತು. ಆದರೂ ಅದೇ ನೀಲಿ ಸೀರೆ, ಅದೇ ಒರಳುಕಲ್ಲು. ಮಂಜು ಅವಳ ಮೊಣಕಾಲಿನವರೆಗೆ ಹಾಲಿನ ಹಾಗೆ ನಿಂತಿತ್ತು. ಅವಳು ಏನನ್ನೂ ಅರೆಯುತ್ತಿರಲಿಲ್ಲ. ಮಡಿಲಲ್ಲಿ ಕೆಂಚಿಯನ್ನು ಕೂರಿಸಿಕೊಂಡು ಮೈ ಸವರುತ್ತಿದ್ದಳು. ಸವರಿದ ಕೈಯನ್ನು ಮೇಸ್ತ್ರಿಯ ಮೂಗಿನ ಹತ್ತಿರ ಹಿಡಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆಯ ಮೇಲೆ ಇಟ್ಟ ಅದೇ ಕೈ, ಅದೇ ವಾಸನೆ: ಬೇವು, ಹೊಗೆಸೊಪ್ಪು, ಸುಣ್ಣ. ಎಷ್ಟು ಹತ್ತಿರವೆಂದರೆ ಮೇಸ್ತ್ರಿ "ಅಜ್ಜೀ" ಎಂದು ಗಟ್ಟಿಯಾಗಿ ಕರೆದು ಎಚ್ಚರಾದ.

ಅಜ್ಜಿ ಇರಲಿಲ್ಲ. ವಾಸನೆ ಇತ್ತು.

ಅವನು ತನ್ನ ಅಂಗೈ ಮೂಸಿದ. ಅಂಗೈಯಲ್ಲೇ ಇತ್ತು. ಆಗಷ್ಟೇ ಸೀಗೆಕಾಯಿಯಲ್ಲಿ ಉಜ್ಜಿ ಮಿಂದ ಕೈ. ಆಮೇಲೆ ಮುಟ್ಟಿದ್ದು ಬಾಳೆಲೆಯನ್ನು, ಕಡುಬನ್ನು, ಕೆಂಚಿಯನ್ನು. ಕೆಂಚಿಯನ್ನು ಎತ್ತಿ ಎಡಮಗ್ಗುಲಿಗೆ ಮೂಗು ಹಚ್ಚಿದ. ನಿಂಗಮ್ಮನ ಜಗಲಿಯೇ ಅಲ್ಲಿತ್ತು.

ಬೇರೆ ದಿನಗಳಲ್ಲಿ ಅವನಿಗೆ ಅದು ತಿಳಿಯುವ ಹಾಗೇ ಇರಲಿಲ್ಲ. ಮಳೆಗಾಲವೆಲ್ಲ ಅವನೇ ಆ ವಾಸನೆಯೊಳಗೆ ಮುಳುಗಿರುವವನು. ದಿನಾ ಸಂಜೆ ಕೆಂಚಿ ತನ್ನ ಎಡಮಗ್ಗುಲನ್ನು ಅವನ ಕಾಲಿಗೆ ಒತ್ತುತ್ತಿತ್ತು. ಕಾಲಿನ ಮದ್ದು ಮಗ್ಗುಲಿಗೆ ಹತ್ತುತ್ತಿತ್ತು. ಮನೆಗೆ ಬಂದು ಕೂತು ಅದನ್ನು ತೆಗೆಯಲು ನೆಕ್ಕುತ್ತಿತ್ತು. ನಾಲಿಗೆ ಉರಿಯುತ್ತಿತ್ತು, ಚರ್ಮ ಉರಿಯುತ್ತಿತ್ತು, ಮತ್ತೂ ನೆಕ್ಕುತ್ತಿತ್ತು. ಮಾರನೆಯ ಸಂಜೆ ಮತ್ತೆ ಬಂದು ಅದೇ ಕಾಲಿಗೆ ಮೈ ಒತ್ತುತ್ತಿತ್ತು. ಹಿಂದಿನ ವರ್ಷ ಅದು ಇನ್ನೂ ಮರಿ; ಮಳೆಯಲ್ಲಿ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಮೇಸ್ತ್ರಿ ಕೆಂಚಿಯನ್ನು ಎತ್ತಿಕೊಂಡು ಒಳಗೆ ಹೋದ. ಪ್ರೇಮಲತಾ ಕೇಳಿದಾಗ ಕೆಂಚಿಯನ್ನು ಅವಳ ಮೂಗಿಗೆ ಹಿಡಿದ. ಅವಳು ಮೂಸಿ, "ಅಯ್ಯೋ ಪಾಪದ್ದೇ, ಇಷ್ಟು ಉರಿದ್ರೂ ಓಡಿ ಬರ್ತಿತ್ತಲ್ಲ" ಎಂದು ಸೆರಗಿನಿಂದ ಅದರ ಮೈ ಒರೆಸಿದಳು.

ಮದ್ದು ಬಿಡುವ ಹಾಗಿರಲಿಲ್ಲ. ಆಶ್ಲೇಷ ಮಳೆಯ ತೋಟದಲ್ಲಿ ಉಂಬಳ ಎಲೆಎಲೆಯ ಮೇಲೂ ನಿಂತು ಕೈಚಾಚುತ್ತದೆ. ಎಸ್ಟೇಟಿನವರು ಕೊಡುವ ಗಂಬೂಟು ಮೇಸ್ತ್ರಿಯ ಕಾಲಿಗೆ ಇಳಿಜಾರಿನಲ್ಲಿ ನಿಲ್ಲದು. ಹಾಗಾದರೆ ಕೆಂಚಿಯ ಕಣ್ಣು ತಪ್ಪಿಸಿ ಮನೆ ಸೇರಬೇಕು. ಮಾರನೆಯ ದಿನ ಅವನು ತಿರುವಿನ ದಾರಿ ಬಿಟ್ಟು, ಗುಡ್ಡ ಬಳಸಿ, ಹಿತ್ತಿಲಿನಿಂದ ಬಂದು, ಮಿಂದು, ಬಟ್ಟೆ ಬದಲಿಸಿ, ಗರಿ ಹಿಡಿದು ಕೂತ. ಕೆಂಚಿ ಬರಲಿಲ್ಲ. ಕತ್ತಲಾಗುತ್ತ ಬಂತು. ಟಾರ್ಚು ಹಿಡಿದು ಹೋಗಿ ನೋಡಿದರೆ ಮೋರಿಕಟ್ಟೆಯ ಮೇಲೆ, ತುಂತುರಿನಲ್ಲಿ, ಒದ್ದೆ ಕಿವಿ ಮುಂದೆ ಮಾಡಿಕೊಂಡು ಹಳ್ಳದ ಕಡೆ ನೋಡುತ್ತ ಕೂತಿತ್ತು. ಹಿಂದಿನಿಂದ ಬಂದ ಮೇಸ್ತ್ರಿಯನ್ನು ನೋಡಿ, ಮತ್ತೆ ದಾರಿಯನ್ನೇ ನೋಡಿತು. ಬರಬೇಕಾದವನು ಇನ್ನೂ ಬಂದಿಲ್ಲ ಎನ್ನುವ ಹಾಗೆ. ಎತ್ತಿಕೊಂಡು ಬಂದರೂ ಒಲೆಯ ಪಕ್ಕ ಕೂತು ಇದ್ದಬದ್ದ ಕೂದಲನ್ನೂ ನೆಕ್ಕಿ ಹಾಕಿತು. ಆ ದಿನ ಮೈಯಲ್ಲಿ ಮದ್ದಿನ ಸುಳಿವಿರಲಿಲ್ಲ. ಡಾಕ್ಟ್ರು ಹೇಳಿದ ಮನಸ್ಸಿನ ಮಾತು ಮೇಸ್ತ್ರಿಗೆ ಆಗ ಪೂರ್ತಿ ಅರ್ಥವಾಯಿತು.

ತಿರುವು ತಪ್ಪಿಸುವ ಹಾಗಿಲ್ಲ. ಮದ್ದಿನ ಕಾಲಲ್ಲಿ ತಿರುವಿಗೆ ಹೋಗುವ ಹಾಗೂ ಇಲ್ಲ. ಉಳಿದದ್ದು ನಡುವೆ ಹರಿಯುವ ಹಳ್ಳ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಊಟದ ಬುತ್ತಿಯ ಜೊತೆ ಒಂದು ಚೀಲದಲ್ಲಿ ಬಟ್ಟೆ ಸೋಪು, ತೆಂಗಿನ ನಾರು, ಒಗೆದ ಲುಂಗಿ ಇಟ್ಟುಕೊಂಡ. ಸಂಜೆ ಕೆಲಸ ಬಿಟ್ಟ ಮೇಲೆ ಸೇತುವೆಯ ಕೆಳಗಿಳಿದು, ಮೂಳೆ ಕೊರೆಯುವ ನೀರಿನಲ್ಲಿ ಕಾಲಿಟ್ಟು, ಮಂಡಿಯಿಂದ ಬೆರಳ ಸಂದಿಯವರೆಗೆ ಸೋಪು ಹಚ್ಚಿ ನಾರಿನಿಂದ ತಿಕ್ಕಿದ. ಎಣ್ಣೆ ಬಣ್ಣಬಣ್ಣದ ಬಳೆಯಾಗಿ ನೀರಿನ ಮೇಲೆ ತೇಲಿ ಹೋಯಿತು. ಮದ್ದಿನ ಬಟ್ಟೆ ಕಳಚಿ ಚೀಲಕ್ಕೆ ಹಾಕಿ, ಒಗೆದ ಲುಂಗಿ ಸುತ್ತಿಕೊಂಡು, ಏರು ಹತ್ತಿದ. ಮಂಜಿನಲ್ಲಿ ಕೆಮ್ಮಿದ. ಬಾಲವೊಂದು ನೆಟ್ಟಗೆ ಇಳಿದು ಬಂತು. ಕೆಂಚಿ ಮೊದಲು ಕಾಲು ಮೂಸಿ ಅನುಮಾನದಿಂದ ಮೇಲೆ ನೋಡಿತು. ಆಮೇಲೆ ಎಡಮಗ್ಗುಲು ಒತ್ತಿತು.

ಈ ಹೊಸ ಪದ್ಧತಿ ಆಳುಗಳ ಬಾಯಿಗೆ ಬೀಳಲು ತಡವಾಗಲಿಲ್ಲ. ಸೇತುವೆಯ ಮೇಲೆ ನಿಂತು ಗಿರಿ ಎಂಬ ಹುಡುಗಾಟದ ಆಳು ಕೇಳುತ್ತಿದ್ದ: "ಏನು ಮೇಸ್ತ್ರೀ, ಪೌಡರ್ ತಂದಿದ್ದೀರಾ? ಬೇಕಾದ್ರೆ ನಾನು ಕೊಡ್ತೀನಿ."

ತೋಟದ ಹಿರಿಯಾಳು ಯಲ್ಲಮ್ಮ ತಲೆಯ ಮೇಲಿನ ಪ್ಲಾಸ್ಟಿಕ್ ಕೊಪ್ಪೆ ಸರಿಸಿ ಬಗ್ಗಿ ನೋಡಿ, "ಮದುವೆ ದಿವ್ಸನೂ ಈ ಮನುಷ್ಯ ಇಷ್ಟು ಉಜ್ಜಿರಲಿಲ್ಲ ಕಣೋ. ನಾನು ನೋಡಿದೀನಿ, ಧಾರೆ ಹೊತ್ತಲ್ಲೂ ಕಿವಿ ಹಿಂದೆ ಮಣ್ಣಿತ್ತು" ಎನ್ನುತ್ತಿದ್ದಳು.

"ನೀನು ನೋಡಿದ್ದು ಕಿವಿ ಹಿಂದೇನಾ, ಎಲೆ ಮೇಲಿನ ಹೋಳಿಗೇನಾ?" ಎಂದು ಮೇಸ್ತ್ರಿ ನೀರಿನಿಂದಲೇ ಗದರುತ್ತಿದ್ದ. ಸೇತುವೆ ನಗುತ್ತಿತ್ತು. ಅವನು ತಿಕ್ಕುವುದನ್ನು ನಿಲ್ಲಿಸುತ್ತಿರಲಿಲ್ಲ.

ಒಂದೇ ಸಲಕ್ಕೆ ಸರಿಹೋಗಲಿಲ್ಲ. ಹತ್ತಿದ ಚಟ ಬೆಕ್ಕನ್ನೂ ಬೇಗ ಬಿಡುವುದಿಲ್ಲ. ಕೆಲವು ಸಂಜೆ ಯಾವ ಕಾರಣವೂ ಇಲ್ಲದೆ ನೆಕ್ಕಲು ಕೂರುತ್ತಿತ್ತು. ಆಗ ಪ್ರೇಮಲತಾ ಗರಿಯ ಕೋಲನ್ನು ಗಂಡನ ಕಡೆ ತಳ್ಳುತ್ತಿದ್ದಳು. ಅವನಿಲ್ಲದಿದ್ದರೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾನೇ ಕುಣಿಸುತ್ತಿದ್ದಳು. ಸರ್ರ್ ಸರ್ರ್ ಎಂಬ ಸದ್ದು ಮೆಲ್ಲಗೆ ಮನೆಯಿಂದ ದೂರ ಸರಿಯಿತು. ಗುಲಾಬಿ ಚರ್ಮದ ಮೇಲೆ ಮೊದಲು ಹೊಗೆಯಂಥ ನೆರಳು ಕಂಡಿತು, ಆಮೇಲೆ ನವಿರು, ಆಮೇಲೆ ಹೊಸ ಭತ್ತದ ಸಸಿಮಡಿಯ ಹಾಗೆ ಒತ್ತಾದ ಕೆಂಪು ತುಪ್ಪಳ.

ಗೌರಿಹಬ್ಬದ ಹಿಂದಿನ ದಿನ ರಂಜಿತಾ ಬಂದಳು. ತುಂಬಿದ ಹೊಟ್ಟೆ ಹಿಡಿದುಕೊಂಡು ಆಟೋದಿಂದ ಇಳಿದವಳು ಮೊದಲು ಕೇಳಿದ್ದು, "ಅಪ್ಪಯ್ಯ, ಕೆಂಚಿ ಎಲ್ಲಿ? ಅಮ್ಮ ಫೋನಲ್ಲಿ ಗೋಡೌನು ಗೀಡೌನು ಅಂತಿದ್ರು." ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಪ್ರೇಮಲತಾ ಹಲಗೆಯ ಮೇಲಿದ್ದ ಕೆಂಚಿಯನ್ನು ಇಳಿಸಿ, ಎಡಮಗ್ಗುಲು ತಿರುಗಿಸಿ, ನವಿರನ್ನು ಹಿಂದಕ್ಕೂ ಮುಂದಕ್ಕೂ ಸವರಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ನೋಡಿದಳು. ಮತ್ತೆ ಹಲಗೆಯ ಮೇಲೇ ಇಟ್ಟಳು.

"ಗೋಡೌನಿಗೆ ಯಾರು ಕಳಿಸ್ತಾರೆ? ಬಾಣಂತಿ ಕೋಣೆಗೆ ಕಾಲಿಡದಿದ್ರೆ ಸಾಕು. ನೀನು ಅದರ ಹೇಲು ಗೀಲು ಮುಟ್ಟಬೇಡ, ಡಾಕ್ಟ್ರು ಹೇಳಿದಾರೆ. ಅದೆಲ್ಲ ನಿಮ್ಮಪ್ಪನ ಕೆಲಸ."

ಹಬ್ಬ ಕಳೆಯಿತು. ಮಳೆ ಹಿಂದೆಗೆಯಲಿಲ್ಲ. ಮೇಸ್ತ್ರಿ ಹಳ್ಳಕ್ಕಿಳಿಯುವುದೂ ನಿಲ್ಲಲಿಲ್ಲ. ಒಂದು ಸಂಜೆ ಅವನು ಸೋಪಿನ ಕಾಲಲ್ಲಿ ನಿಂತಿರುವಾಗ ಸೇತುವೆಯ ಮೇಲೆ ಜೀಪೊಂದು ನಿಂತಿತು. ಪರಮೇಶ್ವರಪ್ಪನವರು ಕಿಟಕಿ ಇಳಿಸಿದರು. ಗಿರಿಯ ಬಾಯಿಂದ ಕಥೆಯೆಲ್ಲ ಅವರಿಗೂ ಮುಟ್ಟಿತ್ತು. ಮಂಜಿನಲ್ಲಿ, ತೊಡೆಯವರೆಗೆ ಲುಂಗಿ ಕಟ್ಟಿ ನಡುಗುತ್ತಿದ್ದ ತಮ್ಮ ಮೇಸ್ತ್ರಿಯನ್ನು ನೋಡಿ ಅವರಿಗೆ ನಗುವೂ ಬಂತು, ಮನಸ್ಸೂ ಕರಗಿತು.

"ಏನು ದೇವರಾಜ, ಈ ವಯಸ್ಸಲ್ಲಿ ದಿನಾ ತಣ್ಣೀರಲ್ಲಿ ನಿಂತ್ರೆ ಮಂಡಿ ಹಿಡ್ಕೊಳ್ತದೆ ಮಾರಾಯ. ನಾಳೆಯಿಂದ ಜೀಪು ಕಳಿಸ್ತೀನಿ. ಸೀದಾ ಮನೆ ಬಾಗಿಲಿಗೆ ಇಳಿ, ಬಿಸಿನೀರಲ್ಲಿ ಮೀಯು. ಆಮೇಲೆ ಬೆಕ್ಕನ್ನ ಎತ್ಕೋ. ನಾನು ನಿನ್ನ ಕೈಲಿ ಬಾಡಿಗೆ ಏನೂ ಕೇಳೋದಿಲ್ಲ."

ಮೇಸ್ತ್ರಿ ಕಾಲಿನ ಮೇಲೆ ಕೊನೆಯ ಬೊಗಸೆ ನೀರು ಸುರಿದುಕೊಂಡ. ಏರಿನ ಮೇಲೆ ಮಂಜು ದಟ್ಟವಾಗಿತ್ತು; ತಿರುವು ಕಾಣುತ್ತಿರಲಿಲ್ಲ.

"ಬೇಡ ಸಾವ್ಕಾರ್ರೇ. ನಿಮ್ಮ ಮನಸ್ಸು ದೊಡ್ಡದು, ಆದ್ರೆ ಜೀಪು ಬೇಡ. ಜೀಪಲ್ಲಿ ಹೋದ್ರೆ ನಾನು ಮನೆಗೆ ಬಂದೆ ಅಂತ ನನಗೆ ಗೊತ್ತಾಗ್ತದೆ, ಅದಕ್ಕೆ ಗೊತ್ತಾಗೋದಿಲ್ಲ. ಅದು ಅಲ್ಲೇ ಕೂತಿರ್ತದೆ. ನೀವು ಮುಂದೆ ಹೋಗಿ. ತಿರುವಲ್ಲಿ ಹಾರ್ನ್ ಹೊಡೀಬೇಡಿ, ಹೆದರ್ತದೆ. ನಾನು ನಡ್ಕೊಂಡೇ ಬರ್ತೀನಿ."